ತೊಮೊಎ ಅಜ್ಜಿ ಮುದ್ರೆ ಒತ್ತಲಿಲ್ಲ

ಪಕ್ಕದ ಮನೆಯ ತೊಮೊಎ ಅಜ್ಜಿಗೆ ಎಪ್ಪತ್ತು ದಾಟಿದೆ. ಮೀನು ಸೀಳಿ, ಉಪ್ಪುನೀರಿನಲ್ಲಿ ಅದ್ದಿ, ಬಾಗಿಲ ಮುಂದೆ ಒಣಗಿಸಿ ಮಾರುತ್ತಾರೆ. ಹಲವು ವರ್ಷಗಳ ಹಿಂದಿನ ಭೂಕಂಪದಲ್ಲಿ ಗಂಡ ಕುಸಿದ ಮನೆಯಡಿ ಸಿಕ್ಕಿ ತೀರಿಕೊಂಡರು. ಅಜ್ಜಿ ಅದೇ ಜಾಗದಲ್ಲಿ ಮತ್ತೆ ಮನೆ ಕಟ್ಟಿಸಿಕೊಂಡು ಕೂತಿದ್ದಾರೆ.

ನಾನು ಎಲ್ಲಕ್ಕೂ ಹೆದರುವವಳು. ಒಸಾಕಾದಲ್ಲಿ ಓದಿ ಬೆಳೆದು, ಮದುವೆಯಾಗಿ ಈ ಕಡಲೂರಿಗೆ ಬಂದಮೇಲೆ, ದೀಪ ಒಂದಿಷ್ಟು ತೂಗಾಡಿದರೂ ಮಗಳನ್ನು ಎಳೆದುಕೊಂಡು ಮೇಜಿನಡಿ ನುಗ್ಗುತ್ತೇನೆ. ಈಗ ಐದು ವರ್ಷದ ಕೊಹಾರು ಲಾರಿ ಹೋದ ಸದ್ದಿಗೂ ಬೆಚ್ಚುತ್ತಾಳೆ.

ಬೇಸಿಗೆಯಲ್ಲಿ ಶಾಲೆಯ ಅಂಗಳದಲ್ಲಿ ಮಕ್ಕಳಿಗೆ ತೋರಿಸಲು ಅಜ್ಜಿ ಹಟ ಮಾಡಿ ಒಂದು ಅನಿಮೇಷನ್ ಚಿತ್ರ ಆರಿಸಿದ್ದರು. ನೆಲದಡಿಯ ದೊಡ್ಡ ಮೀಸೆಮೀನು ಮಗ್ಗುಲು ಬದಲಿಸಿದರೆ ಭೂಮಿ ನಡುಗುತ್ತದೆ ಎಂದು ನಮ್ಮ ಹಳಬರು ಹೇಳುತ್ತಾರಲ್ಲ, ಅದೇ ಮೀನಿನ ಕಥೆ. ಬಾವಿಗಿಳಿದ ಹುಡುಗಿಯೊಬ್ಬಳು ಪೊರಕೆ ಹಿಡಿದು ಅದರೆದುರು ನಿಲ್ಲುತ್ತಾಳೆ. ಅಜ್ಜಿ ಬಸ್ಸು ಹತ್ತಿ ಪಟ್ಟಣಕ್ಕೆ ಹೋಗಿ ಅದನ್ನು ಮತ್ತೆ ಮತ್ತೆ ನೋಡಿ ಬಂದಿದ್ದರು.

"ಆ ಮೀನನ್ನ ಬರೆದವರ ಕೈಗೆ ನಮಸ್ಕಾರ ಹಾಕ್ಬೇಕು ಕಣಮ್ಮ," ಎಂದಿದ್ದರು ನನಗೆ. "ಪರದೆ ತುಂಬ ಬರೀ ಒಂದು ಕಣ್ಣು. ಕೆಸರಿನ ಬಣ್ಣ, ನಿದ್ದೆ ಬೇರೆ. ನಾವೆಲ್ಲ ಮೇಲೆ ಇದ್ದೀವಿ ಅಂತಾನೇ ಅದಕ್ಕೆ ಗೊತ್ತಿಲ್ಲ! ಇಷ್ಟು ವರ್ಷ ಬೈಯೋಣ ಅಂದ್ರೆ ನನಗೊಂದು ಮುಖ ಇರ್ಲಿಲ್ಲ. ಈಗ ಸಿಕ್ತು."

ಮಕ್ಕಳು ಹೆದರುತ್ತಾರೆಂದು ಕೆಲವು ತಾಯಂದಿರು ತಕರಾರು ತೆಗೆದರು. ಕೇರಿ ಸಂಘದ ಅಧ್ಯಕ್ಷ ಹೊರಿಗುಚಿ ಚಿತ್ರ ರದ್ದೆಂದು ಬರೆದು ಸುತ್ತೋಲೆಯ ಹಲಗೆ ಕಳಿಸಿದರು. ಹಲಗೆ ಮನೆಯಿಂದ ಮನೆಗೆ ಸಾಲಾಗಿ ಬರಬೇಕು. ಓದಿದವರು ಸಹಿಯ ಬದಲು ತಮ್ಮ ಹೆಸರಿನ ಮುದ್ರೆಯೊತ್ತಿ ಪಕ್ಕದವರಿಗೆ ಕೊಡಬೇಕು. ಒಂದು ಮನೆ ಬಿಟ್ಟು ಮುಂದೆ ಹೋಗುವಂತಿಲ್ಲ. ಚಿತ್ರ ರದ್ದಾಗುತ್ತದೆಂದು ನನಗೆ ಒಳಗೊಳಗೇ ಸಮಾಧಾನವಾಗಿತ್ತು. ಆದರೆ ಹಲಗೆ ನನ್ನ ಮನೆಗೆ ಬರಲೇ ಇಲ್ಲ. ಅಜ್ಜಿಯ ಬಾಗಿಲಲ್ಲಿ, ಒಣಮೀನಿನ ಪಕ್ಕ ತೂಗುತ್ತಿತ್ತು.

ಹೊರಿಗುಚಿ ಬಂದರು. "ಅಜ್ಜಿ, ಹಲಗೆ ಇಲ್ಲೇ ಉಳ್ಕೊಂಡಿದೆಯಲ್ಲ?"

"ಓದ್ತಾ ಇದ್ದೀನಪ್ಪ."

"ಇರೋದೇ ಎರಡು ಸಾಲು!"

"ಕಣ್ಣು ಮಂಜು. ದಿನಕ್ಕೊಂದು ಅಕ್ಷರ ಓದ್ತೀನಿ."

"ಓದದಿದ್ರೂ ಪರವಾಗಿಲ್ಲ, ಮುದ್ರೆ ಒತ್ತಿಬಿಡಿ."

"ಒತ್ತಲ್ಲ. ಎಲ್ಲರ ಮುದ್ರೆ ಬೀಳ್ದೆ ತೀರ್ಮಾನ ಆಗಲ್ಲ ಅಂತ ಆವತ್ತು ಕಸ ಎಲ್ಲಿ ಹಾಕೋದು ಅನ್ನೋ ಗಲಾಟೆಲಿ ಕೂಗಾಡಿದ್ದು ಯಾರು? ನೀನೇ ತಾನೆ?"

ಹೊರಿಗುಚಿಯ ಕಿವಿ ಕೆಂಪಾಯಿತು. ಬಟ್ಟೆ ಹರವುತ್ತಿದ್ದ ನನ್ನತ್ತ ತಿರುಗಿದರು. "ನೀವಾದ್ರೂ ಹೇಳಿ."

"ಕೊಹಾರು ಮೊದಲೇ ಪುಕ್ಕಲು, ಅಜ್ಜಿ," ಎಂದೆ. "ಆ ಮೀನು ಕನಸಲ್ಲಿ ಬಂದ್ರೆ?"

"ಬರ್ಲಿ ಬಿಡು. ಈಗ ಅವಳ ಕನಸಲ್ಲಿ ಬರೋ ಭಯಕ್ಕೆ ಮೂಗಿಲ್ಲ, ಬಾಯಿಲ್ಲ. ಅದು ಒಳ್ಳೇದಾ?"

ನಾನು ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಮತ್ತೊಮ್ಮೆ ಕೊಡವಿದೆ.

ಮುದ್ರೆ ಬೀಳಲಿಲ್ಲ, ಚಿತ್ರ ರದ್ದಾಗಲಿಲ್ಲ. ಚಿತ್ರ ತೋರಿಸುವ ಸಂಜೆ ಹೊರಿಗುಚಿಯೇ ಗೊಣಗುತ್ತ ಪರದೆ ಕಟ್ಟಿದರು. ನಾನು ಓಡಲು ಅನುಕೂಲವಾಗಲೆಂದು ಕೊನೆಯ ಚಾಪೆಯಲ್ಲಿ, ಮಗಳ ಚಪ್ಪಲಿ ಕೈಯಲ್ಲೇ ಹಿಡಿದು ಕೂತೆ.

ಹುಡುಗಿ ಬಾವಿಗಿಳಿದಳು. ಕತ್ತಲೆ ಮೆಲ್ಲನೆ ಕದಲಿತು. ಅದು ಕತ್ತಲೆಯಲ್ಲ, ರೆಪ್ಪೆ ಎಂದು ತಿಳಿಯುವಷ್ಟರಲ್ಲಿ ಕಣ್ಣು ತೆರೆಯಿತು. ಅಷ್ಟು ಚೆಂದವಿತ್ತು, ಆ ಚೆಂದವನ್ನೇ ತಡೆಯಲಾಗಲಿಲ್ಲ. ಸಿನಿಮಾ ನಡೆಯುವಾಗ ನಮ್ಮಲ್ಲಿ ಯಾರೂ ಕೆಮ್ಮುವುದೂ ಇಲ್ಲ. ಆ ಮೌನದಲ್ಲಿ ಅಜ್ಜಿ ಎದ್ದು ನಿಂತರು.

"ಏಯ್! ಎಷ್ಟು ಹೊರಳ್ತೀಯೋ ಹೊರಳು! ನಾನು ಅಲ್ಲೇ ಮನೆ ಕಟ್ಟಿದೀನಿ, ನೋಡ್ಕೋ!"

"ಶ್, ಅಜ್ಜಿ!" ಎಂದರು ಹೊರಿಗುಚಿ.

ನಾನು ಮಗಳ ಕಣ್ಣು ಮುಚ್ಚಲು ಹೋದೆ. ಅವಳು ನನ್ನ ಕೈ ತಳ್ಳಿ ಎದ್ದಳು. "ಏಯ್ ಮೀನು! ಸುಮ್ನೆ ಮಲ್ಕೋ!"

ಮುಂದಿನ ಸಾಲಿನಿಂದ ಇನ್ನೊಂದು ಮಗು ಕೂಗಿತು, ಆಮೇಲೆ ಅದರ ತಾಯಿ. ಹೊರಿಗುಚಿ ಬಾಯಿಗೆ ಬೆರಳಿಟ್ಟು ನನ್ನತ್ತ ನೋಡಿದರು, ಮಗುವನ್ನು ಕೂರಿಸಿ ಎಂಬಂತೆ.

ನಾನು ಎದ್ದು ಕೊಹಾರುವನ್ನು ಹೆಗಲ ಮೇಲೆ ಹತ್ತಿಸಿಕೊಂಡೆ, ಅವಳ ದನಿ ಪರದೆಯವರೆಗೆ ಮುಟ್ಟಲೆಂದು.