ನೆಲದ ಮೇಲಿಟ್ಟ ಚೀಲ

ಎರಡು ಸಲ ಜರಡಿ ಹಿಡಿಯದೆ ಆಕೆ ಹಿಟ್ಟಿಗೆ ನೀರು ಬೆರೆಸಿದವಳಲ್ಲ. ಮಾತಿನ ವಿಷಯದಲ್ಲೂ ಅಷ್ಟೇ. ಯಾರಾದರೂ "ಚೆನ್ನಾಗಿದ್ದೀರಾ?" ಎಂದರೆ, ಮೊದಲು ಅವರ ಮುಖ ನೋಡಿ, ಇವರಿಗೆ ನನ್ನಿಂದ ಏನಾಗಬೇಕಾಗಿದೆ ಎಂದು ಯೋಚಿಸಿ, ಆಮೇಲೆ ಬಾಯಿ ಬಿಡುತ್ತಿದ್ದಳು. ಬೀದಿಯವರು ಆಕೆಗೆ ಜರಡಿಯಮ್ಮ ಎಂದು ಹೆಸರಿಟ್ಟಿದ್ದರು. ಆ ಹೆಸರು ಹುಟ್ಟಿದ್ದು ಯಾರ ಬಾಯಲ್ಲಿ ಎಂದು ಪತ್ತೆಹಚ್ಚಲು ಆಕೆ ಒಂದು ವರ್ಷ ಒದ್ದಾಡಿ, ಕೊನೆಗೆ ಸೊಸೆಯ ಮೇಲೆ ಅನುಮಾನ ಇಟ್ಟುಕೊಂಡು ಸುಮ್ಮನಾಗಿದ್ದಳು.

ಆಕೆಯ ಕೆಲಸ ಆ ಭಾಗದ ಚುನಾಯಿತ ಸದಸ್ಯರ ಕಚೇರಿಯನ್ನು ಗುಡಿಸಿ ಒರೆಸುವುದು. ಇಪ್ಪತ್ತಮೂರು ವರ್ಷಗಳಲ್ಲಿ ನಾಲ್ವರು ಸದಸ್ಯರು ಬದಲಾದರು, ಗೋಡೆಯ ಬಣ್ಣ ಮೂರು ಸಲ ಬದಲಾಯಿತು. ಜರಡಿಯಮ್ಮ ಮಾತ್ರ ಬೆಳಿಗ್ಗೆ ಆರಕ್ಕೆ ಹಿಂಬಾಗಿಲ ಬೀಗ ತೆಗೆಯುವುದು ತಪ್ಪಲಿಲ್ಲ. ಆಕೆಯ ತಾಯಿಯೂ ಇದೇ ಕೆಲಸ ಮಾಡಿದವಳು. ಪೊರಕೆ ಕೈಗೆ ಕೊಡುವಾಗ ಮಗಳಿಗೆ ಒಂದೇ ಪಾಠ ಹೇಳಿದ್ದಳು: "ನೆಲದ ಮೇಲಿರೋದು, ಬುಟ್ಟೀಲಿರೋದು ನಮ್ಮದು. ಮೇಜಿನ ಮೇಲಿರೋದು ಅವರದು. ಮೇಜಿನ ಮೇಲೆ ಚಿನ್ನ ಇದ್ರೂ ಮುಟ್ಟಬೇಡ, ನೆಲದ ಮೇಲೆ ಚೂರು ಕಾಗದ ಇದ್ರೂ ಬಿಡಬೇಡ."

ಜರಡಿಯಮ್ಮನಿಗೆ ಓದು ಬಾರದು. ಆದರೆ ಕಸದ ಬುಟ್ಟಿ ಆಕೆಗೆ ಎಲ್ಲವನ್ನೂ ಹೇಳುತ್ತಿತ್ತು. ಉಂಡೆ ಮಾಡಿ ಎಸೆದ ಕಾಗದವೆಂದರೆ ಸಿಟ್ಟು. ಸಣ್ಣಸಣ್ಣ ಚೂರು ಮಾಡಿದ್ದರೆ ಹೆದರಿಕೆ. ಅಂಚು ಹರಿದ ಖಾಲಿ ಲಕೋಟೆ ಕಂಡರೆ ಒಳಗಿನ ಪತ್ರವನ್ನು ಯಾರೋ ಓದಿದ್ದಾರೆ. ಅಂಟು ಬಿಡಿಸದ ಲಕೋಟೆಯೇ ಬುಟ್ಟಿಗೆ ಬಂದರೆ, ಬರೆದವನ ಕಾಲ ಕೆಟ್ಟಿದೆ ಎಂದೇ ಅರ್ಥ.

ಆ ವರ್ಷ ಪಡಿತರದ ಮೇಲೆ ಕತ್ತರಿ ಬೀಳುವ ಸುದ್ದಿ ಹಬ್ಬಿತು. ಗಡಿ ದಾಟಿ ಬಂದ ನಿರಾಶ್ರಿತರಿಗೆ ಕೊಡುವ ಹಿಟ್ಟು, ಬೇಳೆ, ಎಣ್ಣೆ ಪೂರ್ತಿ ನಿಲ್ಲಿಸುವುದು. ಬಡವರ ಮನೆಯಲ್ಲಿ ದುಡಿಯುವ ಕೈ ಒಂದಿದ್ದರೂ ಆ ಮನೆಯ ಪಡಿ ಅರ್ಧ ಮಾಡುವುದು. ತಿಂಗಳ ಕೊನೆಯ ಶುಕ್ರವಾರ ಸಭೆಯಲ್ಲಿ ಈ ಠರಾವು ಮತಕ್ಕೆ ಬರುವುದಿತ್ತು. ಜರಡಿಯಮ್ಮನ ಮನೆಯಲ್ಲಿ ಐದು ಬಾಯಿ. ಮಗ ಕಟ್ಟಡ ಕೆಲಸದಲ್ಲಿ ಸಾರುವೆಯಿಂದ ಬಿದ್ದು ಸೊಂಟ ಕಳೆದುಕೊಂಡಿದ್ದ. ದುಡಿಯುವ ಕೈ ಎಂದರೆ ಪೊರಕೆ ಹಿಡಿದ ಆಕೆಯ ಕೈಯೇ.

ಮೊದಲು ಆಕೆಗೆ ಸಿಟ್ಟು ಬಂದದ್ದು ಪಕ್ಕದ ಬಾಗಿಲಿನವಳ ಮೇಲೆ. ಅವಳು ಎರಡು ಮಕ್ಕಳನ್ನು ಕಟ್ಟಿಕೊಂಡು ಗಡಿ ದಾಟಿ ಬಂದು ನಾಲ್ಕು ವರ್ಷವಾಗಿತ್ತು, ಬೀದಿಯವರಿಗೆ ಇನ್ನೂ ಹೊಸಬಳೇ.

"ಇವರು ಬಂದ ಮೇಲೇ ನಮ್ಮ ಪಾಲು ಕಡಿಮೆಯಾಗಿದ್ದು. ಇವರದು ನಿಂತ್ರೆ ನಮ್ಮದು ಜಾಸ್ತಿ ಆಗಬಹುದು," ಎಂದಳು ಜರಡಿಯಮ್ಮ.

ಸೊಸೆ ಪಾತ್ರೆ ತಿಕ್ಕುತ್ತಲೇ ಹೇಳಿದಳು, "ಪಕ್ಕದ ಮನೆಗೆ ಬೆಂಕಿ ಬಿದ್ರೆ ಚಳಿ ಕಾಯಿಸ್ಕೊಳ್ಳೋಣ ಅಂತೀರಲ್ಲ ಅತ್ತೆ. ಗೋಡೆ ಒಂದೇ."

ಆ ಮಾತನ್ನೂ ಜರಡಿಯಮ್ಮ ಜರಡಿ ಹಿಡಿದಳು. ಪಡಿ ಕೊಡುವ ದಿನ ಮೆಟ್ಟಿಲ ಬಳಿ ಕಾದು ನಿಂತು, "ಕೊಡೇ, ನಾನೂ ಒಂದು ಕೈ ಹಿಡೀತೀನಿ," ಎಂದು ಹೊಸಬಳ ಚೀಲ ಎತ್ತಿದಳು. ಎಡಗೈಯಲ್ಲಿ ತನ್ನ ಚೀಲ, ಬಲಗೈಯಲ್ಲಿ ಅವಳದು. ಮೂರು ಮಹಡಿ ಹತ್ತುವಷ್ಟರಲ್ಲಿ ಎಡ ತೋಳು ಸೋತಿತು, ಬಲ ತೋಳು ಸೋಲಲಿಲ್ಲ. ಹೊಸಬಳ ಬಾಗಿಲಲ್ಲಿ ಚೀಲ ಇಳಿಸುವಾಗ ಇಣುಕಿ ನೋಡಿದಳು. ಎಣ್ಣೆ ಇರಲೇ ಇಲ್ಲ.

"ಎಣ್ಣೆ ಎಲ್ಲಿ?"

"ನಮಗೆ ಕೊಡಲ್ಲ ಅಕ್ಕ. ಎರಡು ವರ್ಷ ಆಯ್ತು ನಿಲ್ಲಿಸಿ."

ಸಂಜೆ ಜರಡಿಯಮ್ಮ ಒಂದು ಲೋಟದಲ್ಲಿ ಎಣ್ಣೆ ತಂದು ಹೊಸಬಳ ಹೊಸ್ತಿಲ ಮೇಲಿಟ್ಟು, "ಲೋಟ ವಾಪಸ್ ಬೇಕು," ಎಂದು ಹೇಳಿ ಬಂದಳು.

ಅಷ್ಟರಲ್ಲಿ ಸದಸ್ಯರು ಒಂದು ಸಭೆಯಲ್ಲಿ ಹೇಳಿದ ಮಾತು ಬೀದಿಗೆ ತಲುಪಿತು. "ಜನಕ್ಕೆ ಕಷ್ಟ ಆಗುತ್ತೆ ಅನ್ನೋದಾದ್ರೆ ಜನವೇ ಹೇಳಲಿ. ನನಗೆ ಇದುವರೆಗೆ ಒಂದು ಪತ್ರವೂ ಬಂದಿಲ್ಲ." ಹಾಗಾದರೆ ಬರೆಯೋಣ ಎಂದು ಸೊಸೆ ಕಾಗದದ ಕಟ್ಟು ಹಿಡಿದು ಮನೆಮನೆ ಹತ್ತಿ ಇಳಿದಳು. ತನ್ನ ಹೆಸರು ಬರೆಯಲೂ ಹೆದರುತ್ತಿದ್ದ ಹೊಸಬಳು, ಮೂರು ದಿನ ಯೋಚಿಸಿ ಬರೆದಳು.

ಜರಡಿಯಮ್ಮ ಹೇಳಿದ್ದನ್ನು ಸೊಸೆ ಬರೆದುಕೊಂಡಳು: 'ನಮ್ಮ ಮನೆಯಲ್ಲಿ ಐದು ಬಾಯಿ. ಪಡಿ ಅರ್ಧ ಮಾಡಿದರೆ ಯಾವ ಎರಡೂವರೆ ಬಾಯಿ ಮುಚ್ಚಲಿ ಎಂದು ನೀವೇ ತಿಳಿಸಬೇಕು. ಪಕ್ಕದ ಮನೆಯವರ ಚೀಲ ನಮ್ಮದಕ್ಕಿಂತ ಹಗುರ. ನಾನೇ ಎತ್ತಿ ನೋಡಿದ್ದೇನೆ.'

"ನಿಮ್ಮ ಕಚೇರಿ ಗುಡಿಸೋಳು ಅಂತಾನೂ ಬರೀಲಾ ಅತ್ತೆ? ಬೇಗ ಓದ್ತಾರೆ."

"ಬೇಗ ಓದಿ ಬೇಗ ಮನೆಗೆ ಕಳಿಸ್ತಾರೆ. ಬೇಡ."

ಬರೆದದ್ದನ್ನು ಸೊಸೆ ಓದಿ ಹೇಳಿದಳು. ಜರಡಿಯಮ್ಮ ಕಾಗದ ಕಿತ್ತುಕೊಂಡು ಪಕ್ಕದ ಬಾಗಿಲಿಗೆ ಹೋಗಿ, ಹೊಸಬಳ ಕೈಲಿ ಇನ್ನೊಮ್ಮೆ ಓದಿಸಿದಳು. ಎರಡು ಬಾಯಲ್ಲೂ ಒಂದೇ ಮಾತು ಬಂದ ಮೇಲೆ ಹೆಬ್ಬೆಟ್ಟು ಒತ್ತಿದಳು. ಲಕೋಟೆಯ ಅಂಟನ್ನೂ ನಂಬದೆ, ಪಡಿಯ ಹಿಟ್ಟನ್ನೇ ಬಿಸಿನೀರಲ್ಲಿ ಕದಡಿ ಮೇಲೆ ದಪ್ಪಗೆ ಬಳಿದಳು.

ಸೋಮವಾರ ಬೆಳಿಗ್ಗೆ ಕಚೇರಿಯಲ್ಲಿ, ಕಸದ ಬುಟ್ಟಿಗೆ ಆತುಕೊಂಡಂತೆ ನೆಲದ ಮೇಲೆ ಒಂದು ಗೋಣಿಚೀಲ ಕೂತಿತ್ತು. ಬಾಯಿ ಕಟ್ಟಿರಲಿಲ್ಲ. ಒಳಗೆ ಬಗ್ಗಿ ನೋಡಿದರೆ ಲಕೋಟೆಗಳು. ಮೇಲೇ ಇತ್ತು, ಹಿಟ್ಟಿನ ಅಂಟು ಒಣಗಿ ಬೆಳ್ಳಗಾದ ಒಂದು ಲಕೋಟೆ. ಒಂದರ ಅಂಟನ್ನೂ ಯಾರೂ ಬಿಡಿಸಿರಲಿಲ್ಲ.

ಜರಡಿಯಮ್ಮ ಪೊರಕೆ ಗೋಡೆಗೆ ಒರಗಿಸಿ ನಿಂತಳು. ಬುಟ್ಟಿಗೆ ಹಾಕಿಲ್ಲ, ಮೇಜಿನ ಮೇಲೂ ಇಟ್ಟಿಲ್ಲ. ಬುಟ್ಟಿಗೆ ಹಾಕಿದ್ದರೆ ತಪ್ಪು ಹಾಕಿದವನ ಮೇಲೆ ಬರುತ್ತಿತ್ತು. ನೆಲದ ಮೇಲಿಟ್ಟರೆ? ಎತ್ತಿ ಎಸೆಯುವವಳು ತಾನು. ನಾಳೆ ಯಾರಾದರೂ ಕೇಳಿದರೆ, ಓದು ಬಾರದ ಮುದುಕಿ ಕಸವೆಂದು ಎಸೆದಳು, ಪಾಪ. ತಾಯಿ ಕಲಿಸಿದ ನಿಯಮ ಯಾರಿಗೋ ಗೊತ್ತಿದೆ ಎಂದು ಆಕೆಗೆ ಆ ಕ್ಷಣ ಹೊಳೆಯಿತು. ಕೈಯ ಪೊರಕೆಯನ್ನೇ ಕಸಿದು ತನಗೆ ಹೊಡೆದಂತಾಯಿತು.

ಆಕೆ ಚೀಲ ಎತ್ತಿದಳು. ಇಪ್ಪತ್ತಮೂರು ವರ್ಷಗಳಲ್ಲಿ ಮೊದಲ ಸಲ ಸದಸ್ಯರ ಮೇಜಿನ ಮೇಲೆ ಒಂದು ವಸ್ತು ಇಟ್ಟಳು.

ಮಂಗಳವಾರ ಚೀಲ ಮತ್ತೆ ನೆಲದ ಮೇಲಿತ್ತು. ಆಕೆ ಮತ್ತೆ ಮೇಜಿಗೇರಿಸಿದಳು. ಬುಧವಾರವೂ ಅದೇ ಕತೆ. ಕಚೇರಿಯಲ್ಲಿ ಒಬ್ಬರಿಗೊಬ್ಬರು ಮುಖ ತೋರಿಸದೆ ಇಬ್ಬರು ಜಗಳವಾಡುತ್ತಿದ್ದರು. ಇನ್ನೊಬ್ಬರು ಯಾರು? ಸದಸ್ಯರ ಕಾರ್ಯದರ್ಶಿಯೇ ಇರಬೇಕು, ಬೀಗದ ಇನ್ನೊಂದು ಕೀಲಿ ಅವನ ಬಳಿ. ಅವನಿಗೆ ಹೇಳಿದವರು ಸದಸ್ಯರೇ ಆಗಿದ್ದರೆ? ಪತ್ರ ಬಂದಿಲ್ಲ ಎಂದವರಿಗೆ ಅದು ಬರುವುದೇ ಬೇಕಿಲ್ಲದಿದ್ದರೆ? ಮನೆಯಲ್ಲಿ ಆಕೆ ಬಾಯಿ ಬಿಡಲಿಲ್ಲ. ಸೊಸೆಯ ನಾಲಿಗೆಯ ಮೇಲೂ ಆಕೆಗೆ ಪೂರ್ತಿ ಭರವಸೆ ಇರಲಿಲ್ಲ.

ಗುರುವಾರ ಚೀಲ ನೆಲದ ಮೇಲಿತ್ತು. ಈ ಸಲ ಅದರೊಳಗೆ ಚಹಾದ ಗಸಿ ಸುರಿದಿತ್ತು. ಪತ್ರಗಳನ್ನು ಕಸ ಮಾಡಲು ಸಾಧ್ಯವಿದ್ದ ಒಂದೇ ದಾರಿ ಅದು. ಮಾಡಿಬಿಟ್ಟಿದ್ದರು.

ಜರಡಿಯಮ್ಮ ಅಂದು ಗುಡಿಸಲಿಲ್ಲ. ಒಂದೊಂದೇ ಲಕೋಟೆ ತೆಗೆದು, ಸೆರಗಿನಿಂದ ಒರೆಸಿ, ಮೇಜಿನ ಮೇಲೆ ಹರವಿದಳು. ಮೇಜು ತುಂಬಿತು. ಕುರ್ಚಿಗಳ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ಕಪಾಟಿನ ತಲೆಯ ಮೇಲೆ ಇಟ್ಟಳು. ನೆಲದ ಮೇಲೆ ಮಾತ್ರ ಒಂದನ್ನೂ ಇಡಲಿಲ್ಲ. ಎಣಿಸುತ್ತಾ ಹೋದಳು, ಮುನ್ನೂರ ಹದಿನಾಲ್ಕು. ಕಿಟಕಿಯಿಂದ ಬಂದ ಎಳೆಬಿಸಿಲಿಗೆ ಕಾಗದಗಳು ಮೆಲ್ಲಗೆ ಅಂಚೆತ್ತಿ ಅಲುಗಾಡಿದವು, ನಿದ್ದೆಯಿಂದ ಏಳುವ ಮಕ್ಕಳ ಹಾಗೆ.

ಏಳೂವರೆಗೆ ಕಾರ್ಯದರ್ಶಿ ಬಂದ. ಎಂದೂ ಒಂಬತ್ತಕ್ಕೆ ಮುಂಚೆ ಬಾರದವನು.

"ಏನಮ್ಮ ಇದು? ಕಚೇರೀನಾ, ಬಟ್ಟೆ ಒಣಗಿಸೋ ಹಿತ್ತಲಾ?"

"ಚಹಾ ಬಿದ್ದಿತ್ತು ಸಾರ್. ಒಣಗಲಿ ಅಂತ."

"ಬುಟ್ಟಿ ಪಕ್ಕದಲ್ಲಿಟ್ರೆ ಏನರ್ಥ ಅಂತ ಗೊತ್ತಾಗಲ್ವಾ? ಇಷ್ಟು ವರ್ಷದಿಂದ ಇದೀಯ."

"ಗೊತ್ತಾಯ್ತು ಸಾರ್. ಅದಕ್ಕೇ ಎತ್ತಿಟ್ಟೆ."

ಅವನು ದನಿ ತಗ್ಗಿಸಿದ. "ನೋಡು, ಸುಮ್ಮನೆ ಹೊರಗೆ ಹಾಕಿಬಿಡು. ಯಾರೂ ಕೇಳಲ್ಲ."

"ಕೇಳಿದ್ರೆ?"

ಅವನು ಬಾಗಿಲ ಕಡೆ ಒಮ್ಮೆ ನೋಡಿದ.

"ಮುದುಕಿ ಎಸೆದ್ಲು ಅಂತೀರಿ. ಅಷ್ಟೇ ತಾನೆ? ಆಗಲಿ ಸಾರ್, ಎಸೀತೀನಿ. ಒಂದು ಚೀಟಿ ಬರೆದುಕೊಡಿ, ಈ ಚೀಲದಲ್ಲಿರೋದು ಕಸ, ಎಸಿ ಅಂತ. ಕೆಳಗೆ ನಿಮ್ಮ ಸಹಿ. ಓದಿಸ್ಕೊಳ್ಳೋಕೆ ನನಗೆ ಇಬ್ಬರಿದಾರೆ."

"ಯಾವುದಕ್ಕೆ ಸಹಿ?" ಎಂಬ ದನಿ ಬಾಗಿಲಿಂದ ಬಂತು. ಸದಸ್ಯರು ನಿಂತಿದ್ದರು. ಸಭೆ ನಡೆಯುವ ಊರಿಗೆ ಹೊರಡುವ ಮೊದಲು ಕಡತ ಒಯ್ಯಲು ಬಂದವರು. ಕೂರಲು ಕುರ್ಚಿ ಹುಡುಕಿದರು. ಕುರ್ಚಿಗಳ ಮೇಲೆಲ್ಲ ಪತ್ರಗಳಿದ್ದವು.

ಈ ಕೆಲಸ ಹೋದರೆ ಪಡಿ ಉಳಿದರೂ ಮನೆ ಉಳಿಯುವುದಿಲ್ಲ ಎಂಬುದು ಜರಡಿಯಮ್ಮನಿಗೆ ಗೊತ್ತಿತ್ತು. ಆದರೂ ಅದೇ ಮಾತನ್ನು ಅವರಿಗೂ ಹೇಳಿದಳು. "ನೀವು ಸಹಿ ಮಾಡಿದ್ರೂ ಆಗುತ್ತೆ ಸ್ವಾಮಿ."

"ಇವು ಯಾವಾಗ ಬಂದವು?"

"ಇವತ್ತೇ..." ಎಂದು ಕಾರ್ಯದರ್ಶಿ ಶುರುಮಾಡಿದ.

"ಸೋಮವಾರದಿಂದ ನೆಲದ ಮೇಲಿದ್ವು," ಎಂದಳು ಜರಡಿಯಮ್ಮ.

ಸದಸ್ಯರು ಕಾರ್ಯದರ್ಶಿಯನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿತ್ತೋ, ಸಿಕ್ಕಿಬಿದ್ದೆಯಲ್ಲ ಎಂಬ ಬೇಸರವಿತ್ತೋ, ಜರಡಿಯಮ್ಮನ ಕಣ್ಣಿಗೂ ಸ್ಪಷ್ಟವಾಗಲಿಲ್ಲ. ಅವರು ಈ ಕಡೆ ತಿರುಗಿ, "ಇದರಲ್ಲಿ ನಿನ್ನದೂ ಇದೆಯೇನಮ್ಮ?" ಎಂದರು.

"ಇದೆ."

"ಯಾವುದು ತೋರಿಸು. ಈಗಲೇ ಓದ್ತೀನಿ."

ಬಿಳಿ ಅಂಟಿನ ಲಕೋಟೆ ಅವರ ಮೊಣಕೈಗೆ ಒಂದು ಗೇಣು ದೂರದಲ್ಲಿತ್ತು. ಜರಡಿಯಮ್ಮ ಅದರ ಕಡೆ ಕಣ್ಣು ಹೊರಳಿಸಲಿಲ್ಲ.

"ತೋರಿಸಲ್ಲ ಸ್ವಾಮಿ. ತೋರಿಸಿದ್ರೆ ಅದೊಂದನ್ನೇ ಓದಿ ಉಳಿದದ್ದು ಬಿಡ್ತೀರಿ. ಎಲ್ಲಾ ಓದಿ, ಸಿಗುತ್ತೆ."

ಸದಸ್ಯರು ಒಂದು ಕುರ್ಚಿಯ ಮೇಲಿನ ಪತ್ರಗಳನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಕೂತರು. "ಗುಡಿಸೋದು ನಾಳೆ ಆದ್ರೂ ಆಗುತ್ತೆ, ನೀನು ಹೊರಡು," ಎಂದರು. ಬರಬೇಡ ಎಂದಿರಲಿಲ್ಲ. ದಾರಿಯುದ್ದಕ್ಕೂ ಆಕೆ ಆ 'ನಾಳೆ'ಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

ಶುಕ್ರವಾರ ಬೆಳಿಗ್ಗೆ ಆಕೆಯ ಕೀಲಿಗೆ ಬೀಗ ತೆರೆಯಿತು. ಒಳಗೆ ಬುಟ್ಟಿ ತುಂಬಿ ಸುತ್ತಲೂ ಚೆಲ್ಲಿತ್ತು: ಅಂಚು ಹರಿದ ಖಾಲಿ ಲಕೋಟೆಗಳು. ಆಕೆ ಬುಟ್ಟಿಯನ್ನು ಪೂರ್ತಿ ಬೋರಲು ಹಾಕಿ, ಒಂದೊಂದನ್ನೂ ಬೆರಳಿನಿಂದ ಬಿಡಿಸಿ ನೋಡಿದಳು. ಒಳಗೆ ಒಂದು ಪತ್ರವೂ ಉಳಿದಿರಲಿಲ್ಲ. ಹಿಟ್ಟಿನ ಅಂಟಿನ ಲಕೋಟೆ ಅರ್ಧಕ್ಕೆ ಸೀಳಿತ್ತು. ಬಿಡಿಸಲು ಯಾರೋ ಒದ್ದಾಡಿದ್ದರು.

ಸಂಜೆ ಹೊಸಬಳ ಕೋಣೆಯಲ್ಲಿ ರೇಡಿಯೋ ಸುತ್ತ ಎರಡೂ ಮನೆಯವರು ಕೂತರು. ಸದಸ್ಯರ ದನಿ ಬಂತು. "ನನಗೆ ಮುನ್ನೂರ ಹನ್ನೆರಡು ಪತ್ರಗಳು ಬಂದಿವೆ. ಯಾವ ಎರಡೂವರೆ ಬಾಯಿ ಮುಚ್ಚಬೇಕು ಎಂದು ಒಬ್ಬ ತಾಯಿ ಕೇಳಿದ್ದಾರೆ. ನನ್ನ ಹತ್ತಿರ ಉತ್ತರವಿಲ್ಲ." ಠರಾವು ನಾಲ್ಕು ಮತಗಳಿಂದ ಬಿದ್ದುಹೋಯಿತು.

ಸೊಸೆ ಹೊಸಬಳ ಕೈ ಹಿಡಿದುಕೊಂಡಳು. ಮಗ ಹಾಸಿಗೆಯಿಂದಲೇ ಗೋಡೆ ತಟ್ಟಿ, ಏನಾಯ್ತು ಎಂದು ಕೇಳಿದ. ಜರಡಿಯಮ್ಮ ಮಾತ್ರ ಹುಬ್ಬು ಗಂಟಿಕ್ಕಿ ಕೂತಿದ್ದಳು.

"ಎರಡು ಕಮ್ಮಿ ಹೇಳಿದ."

"ಪಡಿ ಉಳೀತಲ್ಲ ಅಕ್ಕ, ಇನ್ನೇನು?" ಎಂದಳು ಹೊಸಬಳು.

"ಪಡಿ ಉಳೀತು, ಸರಿ. ಆ ಎರಡು ಮನೆಯವರು ಬರೆದಿದ್ದು ಏನಾಯ್ತು?"

"ನಿಮ್ಮನ್ನ ಸುಮ್ಮನೆ ಜರಡಿ ಅಂದ್ನಾ ನಾನು?" ಎಂದು ನಕ್ಕ ಸೊಸೆ, ತಕ್ಷಣ ತುಟಿ ಕಚ್ಚಿಕೊಂಡಳು. ಜರಡಿಯಮ್ಮ ನಿಧಾನವಾಗಿ ಅವಳ ಕಡೆ ತಿರುಗಿದಳು. ಆ ವಿಚಾರಣೆಗೆ ಇನ್ನೂ ಹೊತ್ತಿತ್ತು.

ಸೋಮವಾರ ಆರಕ್ಕೆ ಆಕೆ ಪೊರಕೆ ಹಿಡಿಯಲಿಲ್ಲ. ಮಂಡಿಯೂರಿ, ಕಪಾಟಿನ ಹಿಂದಿನ ಸಂದಿಗೆ ಕೈ ಹಾಕಿ ತಡಕಿದಳು. ಚಹಾದ ಕಲೆಗೆ ಒಂದಕ್ಕೊಂದು ಅಂಟಿಕೊಂಡ ಎರಡು ಲಕೋಟೆಗಳು ಸಿಕ್ಕವು. ಒಣಗಲು ಇಟ್ಟಲ್ಲಿಂದ ಜಾರಿ ಬಿದ್ದವೋ, ಯಾರಾದರೂ ತಳ್ಳಿದರೋ. ಧೂಳು ಕೊಡವಿ, ಅವನ್ನು ಬಿಡಿಸಿ, ಮೇಜಿನ ನಟ್ಟನಡುವೆ ಅಕ್ಕಪಕ್ಕ ಇಟ್ಟಳು. ಗಾಳಿಗೆ ಮತ್ತೆ ನೆಲಕ್ಕೆ ಬೀಳದ ಹಾಗೆ ಮೇಲೊಂದು ಗಾಜಿನ ಗುಂಡಿಟ್ಟಳು. ಆಮೇಲೆ ಗುಡಿಸಲು ಶುರುಮಾಡಿದಳು.