ತಲೆಬಾಗಿಲ ಚೌಕಟ್ಟು

ತೊಂಬತ್ತರ ದಶಕದಲ್ಲಿ ಸಿಂದಗಿಯ ನಮ್ಮ ಮನೆಯಲ್ಲಿ ಯಾವ ಸಾಮಾನು ಯಾವಾಗ ಬದಲಿಸಬೇಕು ಎಂಬ ಚಿಂತೆ ಹೊತ್ತವಳು ನಾನೊಬ್ಬಳೇ. ಮಿಕ್ಸಿ ಸುಟ್ಟಾಗ ದೀಪಾವಳಿಗೆ ಬಿಜಾಪುರದಿಂದ ಹೊಸದು ತರಿಸಿದೆ. ಫ್ಯಾನು ಕಿರುಗುಟ್ಟತೊಡಗಿತು, ಯುಗಾದಿಗೆ ಅದೂ ಹೋಯಿತು. ತಲೆಬಾಗಿಲಿನ ಚೌಕಟ್ಟು ಮಾತ್ರ ಗೆದ್ದಲು ತಿಂದು ಒಳಗೊಳಗೇ ಟೊಳ್ಳಾಗಿದ್ದರೂ ಅಲ್ಲೇ ನಿಂತಿತ್ತು. ದಿನಾ ಬೆಳಿಗ್ಗೆ ಅದರಿಂದ ಉದುರಿದ ಮಣ್ಣು ಗುಡಿಸಿ ಗುಡಿಸಿ ಸಾಕಾಗಿತ್ತು.

ನಮ್ಮ ಕಡೆ ಮನೆಯಲ್ಲಿ ಬಸುರಿ ಇದ್ದರೆ ಬಾಗಿಲು ಕೀಳುವುದಿಲ್ಲ, ಗೋಡೆ ಒಡೆಯುವುದಿಲ್ಲ. ನನಗೋ ಇಬ್ಬರು ನೆಗೆಣ್ಣಿಯರು, ಮೈದುನರ ಹೆಂಡಿರು. ಒಬ್ಬಳ ಕೂಸಿನ ತೊಟ್ಟಿಲು ಅಟ್ಟ ಏರುವುದರೊಳಗೆ ಇನ್ನೊಬ್ಬಳಿಗೆ ವಾಕರಿಕೆ ಶುರು. ಬಡಿಗ ಅಳತೆ ತೆಗೆದುಕೊಂಡು ಹೋಗಿರುತ್ತಿದ್ದ, ಅಷ್ಟರಲ್ಲಿ ಒಳಗಿನಿಂದ ಸಿಹಿ ಸುದ್ದಿ! ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಈ ಮನೆಗೆ ಮೊದಲು ಬಂದ ಸೊಸೆ ನಾನು. ಬಾಗಿಲ ಕೆಲಸ ನಿಲ್ಲಿಸುವ ಆ ಸುದ್ದಿ ಒಮ್ಮೆಯಾದರೂ ನನ್ನಿಂದ ಬರಲಿ ಎಂದು ಎಷ್ಟು ಆಸೆಪಟ್ಟೆನೋ.

ಕೊನೆಗೆ ನೆಗೆಣ್ಣಿಯರಿಬ್ಬರೂ ಆಪರೇಷನ್ ಮಾಡಿಸಿಕೊಂಡರು. ಇನ್ನು ಅಡ್ಡಿಯಿಲ್ಲ ಅಂದುಕೊಂಡೆ. ಆದರೆ ಅತ್ತೆ ಮಳೆಗಾಲ ಕಳೆಯಲಿ ಅಂದರು, ಆಮೇಲೆ ಸುಗ್ಗಿ ಮುಗಿಯಲಿ ಅಂದರು. ಅವರು ಕಾಯುತ್ತಿದ್ದದ್ದು ನನಗಾಗಿ, ಈ ತಿಂಗಳಾದರೂ ನನಗೆ ಬಸಿರು ನಿಂತಿದ್ದರೆ ಎಂಬ ಆಸೆಯಿಂದ ಎಂದು ಹೊಳೆದಾಗ ಸಿಟ್ಟೂ ಬಂತು, ಅಳುವೂ ಬಂತು. ಡಾಕ್ಟರು ಕೈಚೆಲ್ಲಿದ್ದರು, ನನ್ನ ಗಂಡ ಆ ಮಾತೆತ್ತುವುದನ್ನೇ ಬಿಟ್ಟಿದ್ದರು. ಆಸೆ ಬಿಡದೆ ಕೂತವರು ಅತ್ತೆ ಒಬ್ಬರೇ. ಅವರ ಆ ಆಸೆಯನ್ನು ಹೊತ್ತು ತಿರುಗುವುದೇ ನನಗೆ ಭಾರವಾಗಿತ್ತು.

ಒಂದು ದಿನ ಬಾಗಿಲು ಬಿಜಾಗರಿ ಸಮೇತ ಕಿತ್ತು ಬಂದು ಗೋಡೆಗೆ ಒರಗಿತು. ಬಡಿಗನನ್ನು ಕರೆಸಿದೆವು. ಅವನು ಚೌಕಟ್ಟು ತಟ್ಟಿ ನೋಡಿ, ವಾಡಿಕೆಯಂತೆ ಕೇಳಿದ.

“ಮನ್ಯಾಗ ಯಾರರ ಬಸುರ ಅದಾರೇನ್ರಿ ಅಮ್ಮಾರ?”

“ತಡೀಪಾ, ಸದ್ಯಕ್ಕ ಒಂದು ಕಟಗಿ ಬಡದು ನಿಂದರ್ಸು. ಮುಂದಿನ ವರ್ಷ ನೋಡೂಣು,” ಅಂದರು ಅತ್ತೆ, ನನ್ನ ಮುಖ ನೋಡದೆ.

ಬಡಿಗ ನನ್ನತ್ತ ನೋಡಿ ತಲೆ ತಗ್ಗಿಸಿದ. ಅವನಿಗೂ ಗೊತ್ತಿತ್ತು, ಓಣಿಗೆಲ್ಲ ಗೊತ್ತಿತ್ತು.

“ಅತ್ತಿ, ಸಾಕ್ರಿ,” ಅಂದೆ. ಆಮೇಲೆ ಬಡಿಗನಿಗೆ ಹೇಳಿದೆ, “ತಗೀರಿ. ಯಾರೂ ಇಲ್ಲ.”

ಹೊಸ ಚೌಕಟ್ಟು ಸಿದ್ಧವಾಗಿ ಬಂದ ದಿನ, ಅದರ ಪೂಜೆಗೆ ಅರಿಷಿಣ ಕುಂಕುಮ ತರುತ್ತೇನೆಂದು ಅತ್ತೆ ಒಳಗೆ ಹೋದರು. ಬಾಗಿಲು ನಿಲ್ಲಿಸಿ ಬಡಿಗ ಹೊರಟುಹೋದರೂ ಅವರು ಹೊರಗೆ ಬರಲಿಲ್ಲ.