ಬುಟ್ಟಿಗೆ ಹೋದ ಚೀಟಿ

ನಮ್ಮಣ್ಣ ಅಚ್ಚುಕೂಟದಲ್ಲಿ ನಂಬರ್ ಹೊಡೆಯುವವನು. ಟಿಕೆಟ್, ರಸೀದಿ ಪುಸ್ತಕಗಳಿಗೆ ಕ್ರಮಸಂಖ್ಯೆ ಹಾಕುವುದು ಅವನ ಕೆಲಸ. ಯಂತ್ರದಲ್ಲಿ ಅಂಕಿಯ ಗಾಲಿ ಬದಲಾಯಿಸಿದ ಮೇಲೆ ಬರುವ ಮೊದಲ ಅಚ್ಚಿನಲ್ಲಿ ಶಾಯಿ ಕಲಸಿಹೋಗಿರುತ್ತದೆ. ಅದನ್ನು ನೋಡುವ ಗೋಜಿಗೂ ಹೋಗದೆ ಬುಟ್ಟಿಗೆ ಹಾಕುತ್ತಾರೆ. ಆ ಅಭ್ಯಾಸ ಅವನ ಕೈಗೇ ಅಂಟಿಕೊಂಡಿತ್ತು.

ಅವನಿಗೊಂದು ಹೆಣ್ಣು ಮಗು ಹುಟ್ಟಿ ನಾಲ್ಕೇ ದಿನ ಬದುಕಿತು. ಹೆಸರಿಡುವಷ್ಟೂ ಪುರಸೊತ್ತು ಕೊಡಲಿಲ್ಲ. ಉಳಿದದ್ದು ಅದರ ಮಣಿಕಟ್ಟಿಗೆ ಆಸ್ಪತ್ರೆಯವರು ಕಟ್ಟಿದ್ದ ಕೈಪಟ್ಟಿ, ಅದರ ಮೇಲೆ 1000609937. ಸಮಾಧಾನ ಹೇಳಲು ಬಾರದ ನಮ್ಮಣ್ಣ ಅಳುತ್ತಿದ್ದ ಅತ್ತಿಗೆಗೆ, "ನಮ್ ಪ್ರೆಸ್ಸಲ್ಲೂ ಮೊದಲ್ನೇದು ಕೆಟ್ಟೇ ಹೋಗುತ್ತೆ, ಬಿಡೇ" ಅಂದುಬಿಟ್ಟ. ಕೆನ್ನೆಗೆ ಬಾರಿಸಬೇಕು ಅನ್ನಿಸಿತ್ತು ನನಗೆ, ಈಗಲೂ ಅನ್ನಿಸುತ್ತದೆ. ಅತ್ತಿಗೆ ಆಮೇಲೆ ಅವನೆದುರು ಅಳಲಿಲ್ಲ. ಇನ್ನೊಂದು ಮಗುವೂ ಆಗಲಿಲ್ಲ.

ಒಂದು ಭಾನುವಾರ ಅವನು ಕೈಪಟ್ಟಿ ಹಿಡಿದು ನನ್ನ ಮನೆಗೆ ಬಂದ. ನಾನು ಗಣಿತದ ಮೇಷ್ಟ್ರು.

"ಇದನ್ನ ಭಾಗಿಸೋಕಾಗುತ್ತೇನೋ?"

"ಕಂಪ್ಯೂಟರಲ್ಲಿ ಈಗಲೇ ನೋಡಿ ಹೇಳ್ತೀನಿ."

"ಬೇಡ, ನೀನೂ ನೋಡ್ಕೂಡದು. ನಾನೇ ನೋಡ್ತೀನಿ. ಯಾವುದ್ರಿಂದ್ಲೂ ಆಗಲ್ಲ ಅಂದ್ರೆ ಅವಳಿಗೆ ಹೇಳ್ತೀನಿ, ನಮ್ಮ ಮಗು ಕೆಟ್ಟುಹೋದದ್ದಲ್ಲ ಕಣೇ, ಒಡೆಯೋಕೇ ಆಗದ್ದು ಅಂತ."

ಹೇಗೆ ನೋಡಬೇಕೆಂದು ಹೇಳಿಕೊಟ್ಟೆ. ಕೊನೆಯಂಕಿ ಏಳು, ಹಾಗಾಗಿ ಎರಡು, ಐದು ಹೋಗುವುದಿಲ್ಲ. ಅಂಕಿಗಳ ಮೊತ್ತ ಮೂವತ್ತೈದು, ಮೂರೂ ಹೋಗುವುದಿಲ್ಲ. ಮುಂದಕ್ಕೆ ಅವಿಭಾಜ್ಯ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸುತ್ತ ವರ್ಗಮೂಲದವರೆಗೆ, ಅಂದರೆ ಮೂವತ್ತೊಂದು ಸಾವಿರದ ಆರುನೂರು ಚಿಲ್ಲರೆಯವರೆಗೆ ಹೋದರೆ ಸಾಕು. ಅಂಥವು ಸುಮಾರು ಮೂರು ಸಾವಿರದ ನಾನೂರು. ನಾನು ಕೊಟ್ಟ ಪಟ್ಟಿ ನೋಡಿ ಅವನು ಒಂದೊಂದನ್ನೂ ತನ್ನ ಯಂತ್ರದಲ್ಲಿ ಚೀಟಿಯ ಮೇಲೆ ಹೊಡೆದುಕೊಂಡ. ಊಟದ ಬಿಡುವಿನಲ್ಲಿ ದಿನಕ್ಕೊಂದು ಚೀಟಿ, ಅದರ ಬೆನ್ನಿಗೆ ಭಾಗಾಕಾರ. ಜತೆಯವರು ಶೇಷಣ್ಣ ಎಂದು ಅಡ್ಡಹೆಸರಿಟ್ಟು ನಕ್ಕರು. ಹನ್ನೊಂದು ವರ್ಷ ಹೀಗೇ ಕಳೆಯಿತು.

ಹೋದ ತಿಂಗಳು ನನ್ನನ್ನು ಮನೆಗೆ ಕರೆಸಿ ಚೀಟಿಯ ಕಟ್ಟುಗಳನ್ನೆಲ್ಲ ಮೇಜಿನ ಮೇಲೆ ಒಟ್ಟಿದ.

"ಒಂದೂ ಹೋಗ್ಲಿಲ್ಲ ಕಣೋ! ನೀನೊಂದ್ಸಲ ನೋಡ್ಬಿಡು, ಅವಳನ್ನ ಕರೀತೀನಿ."

ಅವನ ಮುಖದಲ್ಲಿ ಅಂಥ ನಗು ನೋಡಿ ಎಷ್ಟೋ ಕಾಲವಾಗಿತ್ತು. ಹೌದಣ್ಣ ಅಂದು ಎದ್ದುಬಿಡಬಹುದಿತ್ತು. ಮೇಷ್ಟ್ರ ಹಾಳು ಚಾಳಿ, ಚೀಟಿಗಳನ್ನು ಪಟ್ಟಿಯೊಂದಿಗೆ ತಾಳೆ ನೋಡುತ್ತ ಹೋದೆ. 9973 ಆದಮೇಲೆ 10009 ಇತ್ತು. ನಡುವೆ ಇರಬೇಕಾದ 10007 ಇರಲಿಲ್ಲ. ಅಲ್ಲೇ ಕೂತು ಭಾಗಿಸಿದೆ. ಬಂದದ್ದು 99991, ಶೇಷ ಸೊನ್ನೆ.

ಅಷ್ಟರಲ್ಲಿ ಅತ್ತಿಗೆ ಬಂದು ಬಾಗಿಲಲ್ಲಿ ನಿಂತಿದ್ದರು.

"ಅಣ್ಣ, ಇದರಿಂದ ಹೋಗುತ್ತೆ. ಇದರ ಚೀಟಿ ಎಲ್ಲಿ?"

ಅವನು ನಾನು ಮಾಡಿದ ಲೆಕ್ಕವನ್ನು ಬಹಳ ಹೊತ್ತು ನೋಡಿದ. "ಹತ್ತು ಸಾವಿರಕ್ಕೆ ಐದನೇ ಗಾಲಿ ಹಾಕಿದ್ದೆ. ಅದಾದ್ಮೇಲೆ ಬಂದ ಮೊದಲ್ನೇದು..."

"ಬುಟ್ಟಿಗೆ ಹಾಕಿದ್ರಿ" ಅಂದರು ಅತ್ತಿಗೆ.

ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಭಯವಾದದ್ದು ಅದಕ್ಕೇ. ಅವರು ಮೇಜಿನ ಹತ್ತಿರ ಬಂದು, ಚೀಟಿಗಳ ನಡುವಿನಿಂದ ಕೈಪಟ್ಟಿಯನ್ನು ಎತ್ತಿಕೊಂಡು ಅದರ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದರು.

"ಹನ್ನೊಂದು ವರ್ಷ ನಿಮ್ಮ ಹತ್ರ ಇತ್ತು. ಇನ್ಮೇಲೆ ನನ್ನ ಮಗು ನನ್ನ ಹತ್ರ ಇರ್ಲಿ."